ಒಂದೇ ಮಗ್ಗುಲು ಹರಿದ ಕೌದಿ

ಕೌದಿ ಹರಿದದ್ದನ್ನು ಮೊದಲು ಕಂಡವಳು ಎದುರುಮನೆಯ ದೊಡ್ಡ ಸೊಸೆ. ಬೆಳಿಗ್ಗೆ ಮಹಡಿಯ ಹಗ್ಗದಿಂದ ಅದನ್ನು ತೆಗೆಯಲು ಹೋದವಳು ಅಲ್ಲಿಂದಲೇ ನನ್ನನ್ನು ಕೂಗಿದಳು.

"ಆಂಟೀ, ಇನ್ಸ್‌ಪೆಕ್ಟ್ರನ್ನ ಕಳಿಸಿ. ಬೇಗ."

ನಮ್ಮೆಜಮಾನರು ಪೊಲೀಸ್ ಕೆಲಸ ಬಿಟ್ಟು ವರ್ಷಗಳೇ ಆದವು. ಬೀದಿಯವರಿಗೆ ಮಾತ್ರ ಇನ್ನೂ ಇನ್ಸ್‌ಪೆಕ್ಟ್ರೇ. ಕಳೆದುಹೋದ ಬೆಕ್ಕಿನಿಂದ ಹಿಡಿದು ಒಡೆದ ಹೂಕುಂಡದವರೆಗೆ ಎಲ್ಲ ಕೇಸೂ ನಮ್ಮ ಬಾಗಿಲಿಗೇ ಬರುತ್ತವೆ. ಅವರು ಚಪ್ಪಲಿ ಮೆಟ್ಟಿದರು. ನಾನೂ ಹಿಂದೆಯೇ ಹೊರಟೆ. ನಾನಿಲ್ಲದೆ ಅವರು ಒಂದು ಕೇಸನ್ನೂ ಬಿಡಿಸಿಲ್ಲ — ಅವರನ್ನು ಕೇಳಿದರೆ ಬೇರೆ ಹೇಳುತ್ತಾರೆ, ನಂಬಬೇಡಿ.

ನಡುಮನೆಯ ಮಂಚದ ಮೇಲೆ ಕೌದಿ ಹಾಸಿತ್ತು. ತೀರಿಕೊಂಡ ಮಾವನ ಹಳೇ ಅಂಗಿಗಳನ್ನು ಚೌಕ ಚೌಕವಾಗಿ ಕತ್ತರಿಸಿ, ಇಬ್ಬರು ಸೊಸೆಯರೂ ಸೇರಿ ಅತ್ತೆಗಾಗಿ ಹೊಲಿದದ್ದು. ಆ ಅಜ್ಜಿ ಚಳಿಗಾಲವಿಡೀ ಅದನ್ನೇ ಹೊದ್ದು ಮಲಗಿದ್ದರು. ಈಗ ಎಡಗಡೆಯ ತುಂಬ ಸೀಳು. ಒಳಗಿನಿಂದ ಹತ್ತಿ ಇಣುಕುತ್ತಿತ್ತು. ಅದರ ಮೇಲೆ ನೀಲಿ ದಾರ ತಂತಿಯ ಹಾಗೆ ಹೊಳೆಯುತ್ತ ನಿಂತಿತ್ತು. ಬಲಗಡೆ? ಒಂದು ಗೀರೂ ಇಲ್ಲ.

"ಯಾರ ಮೇಲಾದ್ರೂ ಅನುಮಾನ ಇದೆಯಾ?" ಅಂದರು ಇವರು.

"ಅನುಮಾನ ಯಾಕೆ, ಖಾತ್ರಿನೇ ಇದೆ. ಎಡಗಡೆ ಹೊಲಿದೋಳು ನಾನು. ಬಲಗಡೆ ಹೊಲಿದೋಳು ನನ್ನ ಓರಗಿತ್ತಿ. ತನ್ನ ಕೈಕೆಲಸ ಉಳಿಸ್ಕೊಂಡು ನಂದನ್ನ ಮಾತ್ರ ಕತ್ತರಿಸಿದ್ದಾಳೆ. ಇನ್ನೇನು ಸಾಕ್ಷಿ ಬೇಕು?"

"ಯಾಕೆ ಕತ್ತರಿಸ್ತಾಳೆ?"

"ಹೊಟ್ಟೆಕಿಚ್ಚು. ಬಂದೋರೆಲ್ಲ ನನ್ನ ಹೊಲಿಗೆ ಎಷ್ಟು ಗಟ್ಟಿ ಅಂತ ಹೊಗಳ್ತಿದ್ರು. ಬ್ಯಾಗು ರಿಪೇರಿ ಅಂಗಡಿಯಿಂದ ಕೇಳಿ ತಂದ ನೈಲಾನ್ ದಾರ ಅದು. ಹಲ್ಲಲ್ಲಿ ಕಚ್ಚಿದ್ರೂ ತುಂಡಾಗಲ್ಲ. ಅವಳದ್ದು ಎಳೆದ್ರೆ ಹರಿಯೋ ಹತ್ತಿ ದಾರ." ಅವಳು ಸೆರಗು ಬಿಗಿದುಕೊಂಡಳು. "ಸಂಜೆ ಗಂಡಸರು ಬರ್ಲಿ. ಇವತ್ತೇ ಒಲೆ ಬೇರೆ ಮಾಡಿಸ್ತೀನಿ. ಕಳ್ಳಿ ಜೊತೆ ಒಂದೇ ಅಡುಗೆಮನೆಯಲ್ಲಿ ನಾನಿರಲ್ಲ."

ಆ ಅಡುಗೆಮನೆಯಲ್ಲಿ ಇಬ್ಬರೂ ಕೂಡಿದರೆ ನಗು ಬೀದಿ ದಾಟಿ ನಮ್ಮ ಮನೆಗೆ ಬರುತ್ತಿತ್ತು. ಒಬ್ಬಳು ಬೈಯುವುದು, ಒಬ್ಬಳು ಬೈಸಿಕೊಂಡು ನಗುವುದು — ಅದೊಂದು ಜೊತೆ.

ಕಿಟಕಿ ಪಕ್ಕ ಕೂತಿದ್ದ ಅಜ್ಜಿ ನಿಟ್ಟುಸಿರು ಬಿಟ್ಟರು. "ಬಟ್ಟೆ ಹರಿದ್ರೆ ತೇಪೆ ಹಾಕಬಹುದು, ಇನ್ಸ್‌ಪೆಕ್ಟ್ರೇ. ಇವಳ ಬಾಯಿಗೆ ಯಾವ ತೇಪೆ ಹಾಕ್ಲಿ?"

"ನೀವು ಸುಮ್ನಿರಿ ಅತ್ತೆ."

ಚಿಕ್ಕ ಸೊಸೆ ಅಡುಗೆಮನೆಯಲ್ಲಿದ್ದಳು. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದಳು.

"ನಿನ್ನೆ ಕೌದಿ ಒಗೆದಿದ್ದು ಯಾರಮ್ಮ?" ಅಂದರು ಇವರು.

"ಇಬ್ಬರೂ. ನೆನೆದು ಕಲ್ಲಿನ ಹಾಗೆ ಭಾರ ಆಗಿತ್ತು. ಅಕ್ಕ ಆ ತುದಿ, ನಾನು ಈ ತುದಿ ಹಿಡ್ಕೊಂಡು ಹಿಂಡಿದ್ವಿ. ಮಡಚಿ ಹಗ್ಗಕ್ಕೆ ಹಾಕೋ ಹೊತ್ತಿಗೆ ಕತ್ತಲಾಗಿತ್ತು."

"ನೀನು ಹತ್ತಿ ದಾರನೇ ಯಾಕೆ ಆರಿಸಿದೆ?"

ಅವಳು ಕೈ ಒರೆಸಿಕೊಂಡಳು. ದಾರದ ಮಾತು ಬಂದೊಡನೆ ಮುಖ ಕೊಂಚ ತಿಳಿಯಾಯಿತು. "ಮಾವನ ಅಂಗಿ ಒಗೆದೂ ಒಗೆದೂ ತೆಳ್ಳಗಾಗಿತ್ತು. ಬೆಳಕಿಗೆ ಹಿಡಿದ್ರೆ ನನ್ನ ಬೆರಳು ಕಾಣ್ತಿತ್ತು. ಅಷ್ಟು ಮೆತ್ತಗಿನ ಬಟ್ಟೆಗೆ ಮೆತ್ತಗಿನ ದಾರನೇ ಚೆಂದ ಅನ್ನಿಸ್ತು. ಕೆಳಗಿನ ಪದರಕ್ಕೆ ಮಾತ್ರ ಹೊಸ ಬಟ್ಟೆ. ಅದನ್ನ ಮೊದಲೇ ನೆನೆಸಿ ಒಣಗಿಸಿದ್ವಿ, ಇಲ್ಲಾಂದ್ರೆ ಆಮೇಲೆ ಕುಗ್ಗುತ್ತೆ."

"ಸರಿ. ಕೌದಿ ಕತ್ತರಿಸಿದ್ದು ನೀನಾ?"

ಅವಳು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ಹೂಂ, ನಾನೇ ಅಂತ ಹೇಳಿಬಿಡಿ. ತಪ್ಪಾಯ್ತು ಅಂತ ಕಾಲು ಹಿಡೀತೀನಿ. ಅಕ್ಕ ನಾಲ್ಕು ದಿನ ಬೈತಾರೆ, ಆಮೇಲೆ ಸರಿಹೋಗ್ತಾರೆ. ಒಲೆ ಬೇರೆ ಆಗೋದು ಬೇಡ."

"ಯಾವುದರಿಂದ ಕತ್ತರಿಸಿದೆ?"

"ಕತ್ತರಿಯಿಂದ."

"ಯಾವ ಕತ್ತರಿ? ದೊಡ್ಡದಾ, ಚಿಕ್ಕದಾ?"

"ಅದು... ಮಧ್ಯದ್ದು."

"ಸುಳ್ಳು ಹೇಳೋಕೂ ಅಭ್ಯಾಸ ಬೇಕಮ್ಮ," ಅಂದರು ಇವರು. "ನಿಂಗಿಲ್ಲ."

ಮತ್ತೆ ನಡುಮನೆ. ಇವರು ಕನ್ನಡಕ ಏರಿಸಿ ಕೌದಿಯ ಮೇಲೆ ಬಗ್ಗಿದರು. ಸೀಳಿನೊಳಗೆ ಬೆರಳಾಡಿಸಿದರು. ಮಗುಚಿ ಹಾಕಿ ಹಿಂಬದಿ ನೋಡಿದರು. ಆಮೇಲೆ ನನ್ನತ್ತ ತಿರುಗಿದರು.

"ಏನೇ, ಕತ್ತರಿ ಆಡಿಸಿದ್ರೆ ಅಂಚು ಹೇಗಿರುತ್ತೆ?"

"ನೆಟ್ಟಗಿರುತ್ತೆ."

"ಇದು?"

ನೋಡಿದೆ. ಎಳೆಗಳೆಲ್ಲ ಜೂಲುಜೂಲಾಗಿ ಕೆದರಿದ್ದವು. ಸೀಳುಗಳೆಲ್ಲ ಹೊಲಿಗೆಯ ಸಾಲಿನ ಗುಂಟವೇ ಸಾಗಿದ್ದವು.

"ಹೊಲಿಗೆ ಸಾಲು ನೋಡ್ಕೊಂಡೇ ಕತ್ತರಿಸಿದ್ದಾಳೆ, ಜಾಣೆ," ಅಂದಳು ದೊಡ್ಡವಳು.

"ಹಾಗಾದ್ರೆ ಒಂದು ಮಾತು ಹೇಳಿ. ಹೊಲಿಗೆ ಸಾಲಿನ ಮೇಲೆ ಕತ್ತರಿ ಓಡಿದೆ. ಮೇಲಿನ ಬಟ್ಟೆ ಹರಿದಿದೆ. ನಿಮ್ಮ ದಾರ ಎಲ್ಲಿ ತುಂಡಾಗಿದೆ, ತೋರಿಸಿ."

ದೊಡ್ಡವಳು ಬಗ್ಗಿದಳು. ಒಂದು ಸೀಳು ನೋಡಿದಳು, ಇನ್ನೊಂದು ನೋಡಿದಳು. ಬೆರಳಿನಿಂದ ದಾರವನ್ನು ಎತ್ತಿ ಎತ್ತಿ ಹುಡುಕಿದಳು. ಎಲ್ಲೂ ತುಂಡಾಗಿರಲಿಲ್ಲ.

"ಬಟ್ಟೆ ಕತ್ತರಿಸಿ ದಾರ ಉಳಿಸೋ ಕತ್ತರಿ ನಾನಂತೂ ನೋಡಿಲ್ಲ," ಅಂದರು ಇವರು. "ಆ ಅಂಗಿಗಳ ಚೂರು ಏನಾದ್ರೂ ಉಳಿದಿದೆಯಾ?"

ಒಂದು ತೋಳು ಸಿಕ್ಕಿತು. ಅದರ ಮೇಲೆ ಎರಡು ಸಾಲು ಹೊಲಿದವಳು ನಾನು — ಒಂದು ಹತ್ತಿಯದು, ಒಂದು ನೈಲಾನಿನದು. ನಮ್ಮೆಜಮಾನರಿಗೆ ಸೂಜಿಗೆ ದಾರ ಪೋಣಿಸಲೂ ಬಾರದು. ತೋಳನ್ನು ಒದ್ದೆ ಮಾಡಿ, ದೊಡ್ಡವಳ ಕೈಗೇ ಕೊಟ್ಟರು.

"ಎರಡೂ ದಾರದ ತುದಿ ಹಿಡಿದು ಒಂದೊಂದಾಗಿ ಎಳೀರಿ."

ಹತ್ತಿಯದನ್ನು ಎಳೆದಳು. ದಾರ ಟಪ್ಪೆಂದಿತು, ಬಟ್ಟೆ ಬಟ್ಟೆಯಾಗೇ ಇತ್ತು. ನೈಲಾನಿನದನ್ನು ಎಳೆದಳು. ದಾರ ಜಗ್ಗಲಿಲ್ಲ. ಬಟ್ಟೆ ಪರ್ರೆಂದಿತು.

ಇವರು ಮುಂದುವರಿಸಿದರು. "ಕತ್ತರಿ ಆಗಿದ್ರೆ ಒಳಗಿನ ಹತ್ತಿಯನ್ನೂ ಕೆಳಗಿನ ಬಟ್ಟೆಯನ್ನೂ ಕಚ್ಚಬೇಕಿತ್ತು. ಕೆಳಗಿನದು ಹೊಸದು, ತಡ್ಕೊಂಡಿದೆ. ಮೇಲಿನದು ಸವೆದ ಅಂಗಿ. ಚಳಿಗಾಲವಿಡೀ ಆ ದಾರ ಅದನ್ನ ಗರಗಸದ ಹಾಗೆ ಕೊರೀತಾ ಇತ್ತು. ನಿನ್ನೆ ನೀವಿಬ್ಬರೂ ಹಿಂಡಿದಾಗ ಉಳಿದದ್ದೂ ಹೋಯ್ತು. ಬಲಗಡೆ ಹರೀಲಿಲ್ಲ ಅನ್ನೋದನ್ನೇ ನೀವು ಸಾಕ್ಷಿ ಅಂದ್ರಿ. ಸಾಕ್ಷಿ ಹೌದು — ಅದು ಅವಳ ಪರ."

"ಹಾಗಾದ್ರೆ ಅಪರಾಧಿ?" ಅಜ್ಜಿ ಮುಂದಕ್ಕೆ ಸರಿದು ಕೂತರು.

"ದಾರ. ಅದನ್ನ ಆರಿಸಿ ತಂದೋರು ನಿಮ್ಮ ದೊಡ್ಡ ಸೊಸೆ. ಪಾಪ, ಗಟ್ಟಿಯಾಗಿರಲಿ ಅಂತಾನೇ ತಂದಿದ್ದು."

"ಬಟ್ಟೆಗಿಂತ ದಾರ ಒಂದು ಕೈ ಸೋಲೋ ಹಾಗಿರಬೇಕಮ್ಮ," ಅಂದೆ ನಾನು. "ಎಳೆತ ಬಿದ್ದಾಗ ದಾರ ಹೋದ್ರೆ ಮತ್ತೆ ಹೊಲ್ಕೋಬಹುದು." ನನ್ನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ, ಇವರು ಕಣ್ಣು ಸನ್ನೆ ಮಾಡಿದರೂ ಕೇಳದೆ ಉಳಿದದ್ದನ್ನೂ ಹೇಳಿಬಿಟ್ಟೆ. "ನಿನ್ನ ಓರಗಿತ್ತಿ ಒಳಗೆ ತಪ್ಪು ಒಪ್ಕೊಳ್ಳೋಕೆ ರೆಡಿಯಾಗಿದ್ಳು. ಒಲೆ ಬೇರೆ ಆಗಬಾರದು ಅಂತ."

ದೊಡ್ಡವಳು ಬಾಗಿಲಲ್ಲಿ ನಿಂತಿದ್ದ ಚಿಕ್ಕವಳನ್ನು ದಿಟ್ಟಿಸಿದಳು.

"ನಾನೇ ಕತ್ತರಿಸಿದೆ ಅಂದ್ಯಾ? ನಾನು ನಂಬಿಬಿಡ್ತಿದ್ದೆನಲ್ಲೇ, ಪೆದ್ದಿ."

"ನಂಬ್ಲಿ ಅಂತಾನೇ, ಅಕ್ಕ."

ದೊಡ್ಡವಳು ಮಂಚದ ಅಂಚಿಗೆ ಕೂತು ಕೌದಿಯನ್ನು ತೊಡೆಯ ಮೇಲೆ ಎಳೆದುಕೊಂಡಳು. ತಾನು ಹಾಕಿದ ಹೊಲಿಗೆಯನ್ನು ಸೂಜಿಯ ಮೊನೆಯಿಂದ ಬಿಚ್ಚತೊಡಗಿದಳು. ಕಣ್ಣು ಮೇಲೆತ್ತಲಿಲ್ಲ.

"ಅಲ್ಲಾ, ಸಂಜೆ ಗಂಡಸರು ಬಂದಾಗ ಒಲೆ ವಿಷಯ ನೀನೇ ಹೇಳ್ತೀಯೋ, ನಾನೇ ಹೇಳ್ಲೋ?" ಅಂದರು ಅಜ್ಜಿ.

"ಯಾವ ಒಲೆ, ಅತ್ತೆ?"

ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕಿಟಕಿಯಾಚೆ ನೋಡಿದರು. ಹೆಗಲು ಮಾತ್ರ ಕುಲುಕುತ್ತಿತ್ತು.

ಚಿಕ್ಕವಳು ಬಂದು ಎದುರಿಗೆ ಕೂತಳು. ಇನ್ನೊಂದು ಸೂಜಿ ತೆಗೆದುಕೊಂಡು ಅದೇ ಸಾಲಿನ ಆ ತುದಿಯಿಂದ ಬಿಚ್ಚಲು ಹಿಡಿದಳು.

"ಹರಿದ ಚೌಕಕ್ಕೆಲ್ಲ ಬೇರೆ ಬಟ್ಟೆ ಬೇಕು," ಅಂದಳು ದೊಡ್ಡವಳು. "ನಾಳೆ ಅಂಗಡಿಗೆ ಹೋಗೋಣ. ದಾರ ನೀನು ಆರಿಸು. ಬಟ್ಟೆ ನಾನು ನೋಡ್ಕೋತೀನಿ."

"ಬಟ್ಟೆನೂ ನಾನೇ ಆರಿಸ್ತೀನಿ, ಅಕ್ಕ."

ಚಿಕ್ಕವಳು ಆ ಮನೆಯಲ್ಲಿ ಎದುರು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ದೊಡ್ಡವಳ ಸೂಜಿ ನಿಂತಿತು.

"ಆಗ್ಲಿ," ಅಂದಳು ದೊಡ್ಡವಳು. "ಹಳದಿ ಮಾತ್ರ ತರಬೇಡ."