ಕೊನೆಯ ಕೈ ಯಾರದು?

"ಕತ್ತರಿ ಎಲ್ಲಿ?" ಇಂಚರ ಗೋಡೆಯ ಮೇಲಿನ ಪರದೆಯನ್ನು ಕೇಳಿದಳು. ಪುಸ್ತಕದ ಕಪಾಟಿನ ಎರಡನೇ ಹಲಗೆಯ ಮೇಲೆ ಹಸಿರು ಬೆಳಕೊಂದು ಮಿನುಗಿತು. ಪರದೆಯಲ್ಲಿ ಅಕ್ಷರ ಮೂಡಿತು: ಕೊನೆಯ ಕೈ, ಇಂಚರ. ಬೆಳಿಗ್ಗೆ 8.10.

2056ರ ಆಗಸ್ಟ್. ಮೈಸೂರಿನ ಸರಸ್ವತಿಪುರಂನ ಆ ಮನೆಯಲ್ಲಿ ನಾನೂರು ವಸ್ತುಗಳಿಗೆ 'ಎಳ್ಳು' ಅಂಟಿಸಿದ್ದರು. ಎಳ್ಳುಕಾಳಿನಷ್ಟೇ ಇರುವ ಆ ಸಂವೇದಕಕ್ಕೆ ಬ್ಯಾಟರಿ ಬೇಡ. ವಸ್ತು ಅಲುಗಿದಾಗ ಹುಟ್ಟುವ ಶಕ್ತಿಯೇ ಸಾಕು. ಒಬ್ಬೊಬ್ಬರ ಚರ್ಮವೂ ವಿದ್ಯುತ್ತನ್ನು ಒಂದೊಂದು ರೀತಿ ಹಾಯಗೊಡುವುದರಿಂದ ಮುಟ್ಟಿದವರು ಯಾರೆಂದೂ ಅದಕ್ಕೆ ತಿಳಿಯುತ್ತಿತ್ತು. ಇದನ್ನು ರೂಪಿಸಿದ ಡಾ. ನಫೀಸಾ, ಎಡಿಎಚ್‌ಡಿ ಇರುವ ಇಂಚರಳಂಥ ಮಹಿಳೆಯರ ಮನೆಗಳಲ್ಲಿ ಪ್ರಯೋಗ ನಡೆಸುತ್ತಿದ್ದರು. ಗಮನವನ್ನು ಒಂದೆಡೆ ನಿಲ್ಲಿಸುವುದು ಮಿದುಳಿಗೆ ಕಷ್ಟವಾಗುವ ಸ್ಥಿತಿ ಅದು. ಮುಚ್ಚಿದ ಬಾಗಿಲ ಹಿಂದಿರುವ ವಸ್ತು ಇದೆ ಎಂಬುದೇ ಮರೆತುಹೋಗುತ್ತದೆ. ಹಾಗಾಗಿ ನಫೀಸಾ ಮೊದಲು ಕಪಾಟುಗಳ ಬಾಗಿಲು ಕಳಚಿಸಿದರು. ಅಡುಗೆಮನೆಯ ಸ್ಟೀಲ್ ಡಬ್ಬಿಗಳ ಜಾಗಕ್ಕೆ ಗಾಜಿನ ಜಾಡಿಗಳು ಬಂದವು.

ಮನೆಯನ್ನು ಪ್ರಯೋಗಕ್ಕೆ ಸೇರಿಸಿದವನು ಗಂಡ ನಿಶ್ಚಲ್. ಇಂಚರಳ ಅನುಮಾನ ಅಲ್ಲಿಂದಲೇ ಶುರುವಾಗಿತ್ತು. ಜೂನ್‌ನಲ್ಲಿ ಆರು ವರ್ಷದ ಮಗಳು ಮಿಹಿರಾಗೆ ಉಬ್ಬಸ ಬಂದಾಗ ಇನ್ಹೇಲರ್ ಸಿಕ್ಕಿರಲಿಲ್ಲ. ಇಪ್ಪತ್ತು ನಿಮಿಷ ಹುಡುಕಿ, ಕೊನೆಗೆ ಆಸ್ಪತ್ರೆಗೆ ಓಡಿದ್ದರು. "ಎಲ್ಲಿಟ್ಟೆ?" ಎಂದು ನಿಶ್ಚಲ್ ಕೇಳಿದಾಗ ಅವಳಿಗೆ ನೆನಪಾಗಲಿಲ್ಲ. ನೆನಪಿಲ್ಲವೆಂದರೆ ಕಳೆದವಳು ತಾನೇ ಎಂದು ಅವಳೂ ಒಪ್ಪಿಕೊಂಡಳು.

"ನಿನ್ನೊಬ್ಬಳ ಹತ್ರ ಮಗೂನ ಬಿಡೋಕೆ ಧೈರ್ಯ ಬರಲ್ಲ. ಮಂಡ್ಯದಲ್ಲಿ ನಮ್ಮಕ್ಕನ ಮನೇಲಿ ಬಿಡೋದೇ ವಾಸಿ ಅನ್ಸುತ್ತೆ," ಎಂದಿದ್ದ ಅವನು. "ಮೂರು ತಿಂಗಳು ಎಳ್ಳು ಏನು ಹೇಳುತ್ತೋ ನೋಡೋಣ. ಕಳಿಸೋದಾ ಬೇಡ್ವಾ ಅಂತ ಆಮೇಲೆ ತೀರ್ಮಾನ."

ಅಂದರೆ ಮನೆತುಂಬ ತನ್ನ ವಿರುದ್ಧದ ಸಾಕ್ಷಿಗಳು. ಒಂದು ದಿನವಂತೂ ಅವಳು ಪಾತ್ರೆ ತೊಳೆಯುವ ಕೈಗವಸು ಹಾಕಿಕೊಂಡೇ ಬಟ್ಟೆ ಮಡಚಿಟ್ಟಳು.

ಒಂದು ಭಾನುವಾರ ಮಧ್ಯಾಹ್ನ ಮಿಹಿರಾ ಕೆಮ್ಮತೊಡಗಿದಳು. ಇನ್ಹೇಲರ್ ತೂಗುಹಾಕುವ, ಕಿಟಕಿಯ ಪಕ್ಕದ ಕೊಕ್ಕೆ ಖಾಲಿಯಿತ್ತು.

"ನೋಡ್ದ್ಯಾ? ಮತ್ತೆ ಅದೇ!" ನಿಶ್ಚಲ್ ಕೂಗಿದ.

"ಇನ್ಹೇಲರ್ ಎಲ್ಲಿ?" ಇಂಚರ ಪರದೆಯತ್ತ ತಿರುಗಿದಳು.

ಕಾರಿನ ಡ್ಯಾಶ್‌ಬೋರ್ಡ್, ಎಂದಿತು ಪರದೆ. ಕೊನೆಯ ಕೈ, ನಿಶ್ಚಲ್. ನಿನ್ನೆ ಸಂಜೆ 5.40.

ಅವಳು ಓಡಿಹೋಗಿ ತಂದಳು. ಐದು ನಿಮಿಷದಲ್ಲಿ ಮಗುವಿನ ಉಸಿರು ಹದಕ್ಕೆ ಬಂತು.

"ನಾನು ಮುಟ್ಟೇ ಇಲ್ಲ," ಎಂದ ನಿಶ್ಚಲ್. "ನೀನೇ ಏನೋ ಬದಲಾಯಿಸಿದ್ದೀಯ ಇದ್ರಲ್ಲಿ."

ವಿಚಿತ್ರವೆಂದರೆ ಇಂಚರಳಿಗೂ ಅನುಮಾನ ಬಂದದ್ದು ಯಂತ್ರದ ಮೇಲೆಯೇ. ತಾನೇ ಇಟ್ಟಿರಬೇಕು, ಯಂತ್ರ ಕೈ ತಪ್ಪಾಗಿ ಗುರುತಿಸಿರಬೇಕು ಎಂದುಕೊಂಡು ನಫೀಸಾರಿಗೆ ಫೋನ್ ಮಾಡಿದಳು.

ಮರುದಿನ ನಫೀಸಾ ಬಂದು ಇಪ್ಪತ್ತು ಚಮಚಗಳಿಗೆ ಎಳ್ಳು ಅಂಟಿಸಿದರು. ಗಂಡ ಹೆಂಡತಿ ತಮಗೆ ತೋಚಿದ್ದನ್ನು ಎತ್ತಿಟ್ಟರು. ನಫೀಸಾ ಬೆನ್ನು ಮಾಡಿ ನಿಂತು, ಯಾವ ಚಮಚ ಯಾರ ಕೈಯದೆಂದು ದಾಖಲೆ ಓದಿದರು. ಒಂದೂ ತಪ್ಪಲಿಲ್ಲ.

ನಿಶ್ಚಲ್ ಕೈಯಲ್ಲಿದ್ದ ಚಮಚ ಕೆಳಗಿಟ್ಟ. "ಶನಿವಾರ ಪಾರ್ಕಿಗೆ ಹೊರಟಾಗ... ದಾರೀಲಿ ಬೇಕಾಗ್ಬಹುದು ಅಂತ ನಾನೇ ಹಾಕ್ಕೊಂಡೆ ಅನ್ಸುತ್ತೆ."

ಅವನು ಸುಳ್ಳು ಹೇಳಿರಲಿಲ್ಲ. ಮರೆತಿದ್ದ, ಅಷ್ಟೆ. ಅವನ ಮರೆವನ್ನು ಆ ಮನೆಯಲ್ಲಿ ಯಾರೂ ಮರೆವು ಎಂದು ಕರೆದಿರಲಿಲ್ಲ.

"ಅರವತ್ತು ಮನೆಗಳಲ್ಲೂ ಇದೇ ಕತೆ," ಎಂದರು ನಫೀಸಾ. "ಕಳೆದುಹೋದ ಹತ್ತು ವಸ್ತುಗಳಲ್ಲಿ ನಾಲ್ಕನ್ನು ಎತ್ತಿಟ್ಟಿದ್ದು ಬೇರೆಯವರು. ಆದರೆ ಹತ್ತಕ್ಕೆ ಹತ್ತೂ ಸಲ 'ನಾನೇ ಕಳೆದೆ' ಅಂತ ಹೆಂಗಸರೇ ಒಪ್ಪಿಕೊಂಡಿದ್ದರು. ಈಗ ಕೆಲವರು ಕೊನೆಯ ಕೈ ತೋರಿಸೋದನ್ನ ತೆಗೆದುಬಿಡಿ ಅಂತಿದ್ದಾರೆ."

"ಯಾರು ಹಾಗಂತಿರೋದು, ಮೇಡಂ?"

"ಹೆಂಗಸರಂತೂ ಅಲ್ಲ."

ಇಂಚರ ಗಂಡನ ಕಡೆ ತಿರುಗಿದಳು. "ಜೂನಲ್ಲಿ ಏನಾಗಿತ್ತು, ನಿಶ್ಚಲ್?"

"ಗೊತ್ತಿಲ್ಲ," ಎಂದ ಅವನು. "ನಿಜವಾಗ್ಲೂ ಗೊತ್ತಿಲ್ಲ." "ಮಿಹಿರಾ ಇಲ್ಲೇ ಇರ್ಲಿ."

ಗೆದ್ದೆ ಎಂದು ಅವಳಿಗೆ ಅನಿಸಲಿಲ್ಲ. ನೆನಪು ಹಿಂದೆ ಹಿಂದೆ ಸರಿದಂತೆ ಅನುಮಾನವೂ ಹಿಂದಕ್ಕೆ ಹೋಗುತ್ತಿತ್ತು, ತಾನೇ ಕಳೆದೆನೆಂದು ಒಪ್ಪಿಕೊಂಡಿದ್ದ ವಸ್ತುಗಳತ್ತ: ಕಾಲೇಜಿನ ಹಾಲ್ ಟಿಕೆಟ್, ತಂಗಿಯ ಓಲೆ, ಅದಕ್ಕೂ ಹಿಂದಿನದು. ಸಂಜೆ ತಾರಸಿಗೆ ಹೋಗಿ ಹಾಸನದಲ್ಲಿದ್ದ ತಂದೆಗೆ ಫೋನ್ ಮಾಡಿದಳು.

"ಅಪ್ಪ, 2026ರಲ್ಲಿ, ನಂಗೆ ಒಂಬತ್ತು ವರ್ಷ. ನಿಮ್ಮ ಕನ್ನಡಕ ಕಳೆದಿತ್ತು. ನಾನೇ ಕಳೆದೆ ಅಂತ ಸ್ಕೇಲಲ್ಲಿ ಹೊಡೆದು ಬಾಗಿಲಾಚೆ ನಿಲ್ಲಿಸಿದ್ರಿ. ಅದು ಸಿಕ್ತಾ?"

ಆ ಕಡೆ ಟಿವಿಯ ಸದ್ದು ನಿಂತಿತು.

"ಮೂರನೇ ದಿನಾನೇ ಸಿಕ್ತಮ್ಮ. ಸ್ಕೂಟರ್ ಡಿಕ್ಕೀಲಿತ್ತು. ನಾನೇ ಇಟ್ಟಿದ್ದೆ."

"ಮತ್ತೆ ನಂಗೆ ಯಾಕೆ ಹೇಳ್ಲಿಲ್ಲ?"

"ಹೇಳ್ಬೇಕು ಅಂದ್ಕೊಂಡಿದ್ದೆ," ಎಂದರು ಅಪ್ಪ. "ಆಮೇಲೆ ಮರೆತುಹೋಯ್ತು."