ಚನ್ನವೀರಯ್ಯನ ತೋಟದ ಮೇಲಿನ ಗಾಳಿ

ಮಚ್ಚು ನನ್ನ ಮೂಗಿನಿಂದ ಒಂದು ಗೇಣು ದೂರದಲ್ಲಿತ್ತು!

ಹಿಡಿದಿದ್ದವನು ಚನ್ನವೀರಯ್ಯ. ಗುಬ್ಬಿ ಹತ್ತಿರದ ತೆಂಗಿನ ತೋಟದ ಯಜಮಾನ. ಹಣೆ ತುಂಬ ವಿಭೂತಿ, ಕಣ್ಣು ತುಂಬ ಕೆಂಪು.

"ಮರ ಬುಟ್ಟು ಆಚೆ ಬನ್ನಿ ಮೇಡಂ. ಹೆಂಗಸ್ರ ಮ್ಯಾಲೆ ಮಚ್ಚು ಎತ್ತೋನಲ್ಲ ನಾನು."

"ಎತ್ತಿದ್ದೀರಲ್ಲ?"

ಅವನು ಮಚ್ಚು ನೋಡಿಕೊಂಡ. ಇಳಿಸಲಿಲ್ಲ.

ನನ್ನ ಕೆಲಸ ಏನು ಅಂತೀರಾ? ಕಳ್ಳ ಸಿಗ್ನಲ್ ಹುಡುಕುವುದು. ಮೊಬೈಲ್ ಕಂಪನಿ ಕರೆಯುತ್ತದೆ, ನಾನು ಆಂಟೆನಾ ಹಿಡಿದು ಹೊರಡುತ್ತೇನೆ. ಈ ಊರಿನ ಟವರ್‌ಗೆ ಕೆಲವು ವಾರಗಳಿಂದ ಕಿವಿ ಕೇಳುತ್ತಿರಲಿಲ್ಲ. ಯಾರೋ ತಮ್ಮ ಫೋನಿಗೆ ಸಿಗ್ನಲ್ ಹೆಚ್ಚಿಸಿಕೊಳ್ಳಲು ಕಳ್ಳ ಬೂಸ್ಟರ್ ಡಬ್ಬಿ ಹಾಕಿದ್ದರು. ಅದರ ಅರಚಾಟದಲ್ಲಿ ಊರಿನವರ ಕರೆ ಟವರ್ ಮುಟ್ಟುತ್ತಲೇ ಇರಲಿಲ್ಲ.

ಬೆಳಿಗ್ಗೆ ಮರಳೂರಿನ ಮನೆಯಿಂದ ಸ್ಕೂಟರ್ ಹತ್ತಿದ್ದೆ. ಆಂಟೆನಾ ಇಲ್ಲಿಗೆ ಎಳೆದು ತಂದಿತು. ಬೇಲಿ ಹಾರಿದೆ. ನಾಯಿ ಅಟ್ಟಿಸಿಕೊಂಡು ಬಂತು. ಓಡಿದೆ! ಒಂದು ಚಪ್ಪಲಿ ಅದರ ಪಾಲಾಯಿತು. ಪಕ್ಕದ ತೋಟದ ಕಡೆ ವಾಲಿದ ಒಂದು ಗಿಡ್ಡ ಮರ. ಗರಿಗಳ ನಡುವೆ... ಬಿಳಿ ಡಬ್ಬಿ!

"ಇದು ಅಪರಾಧ ಯಜಮಾನ್ರೇ. ಜೈಲಾಗುತ್ತೆ."

"ನನ್ ತೋಟ, ನನ್ ಮರ. ಮ್ಯಾಲಿನ ಗಾಳಿ ಮಾತ್ರ ಬ್ಯಾರೆಯೋರ್ದಾ? ದಿಲ್ಲೀಲಿ ಕೂತು ಕೊಬ್ರಿ ತರ ಹರಾಜ್ ಹಾಕುದ್ರಲ್ಲ... ನನ್ನ ಒಂದ್ ಮಾತು ಕೇಳುದ್ರಾ?"

ಪ್ರಶ್ನೆ ಚೆನ್ನಾಗಿಯೇ ಇತ್ತು. ಮಚ್ಚು ಇಲ್ಲದಿದ್ದರೆ ಒಪ್ಪಿಬಿಡುತ್ತಿದ್ದೆ.

"ಗಾಳಿ ಮಾರಿಲ್ಲ, ಅದರಲ್ಲಿ ಸಿಗ್ನಲ್ ಕಳಿಸೋ ಹಕ್ಕು ಕೊಟ್ಟಿದಾರೆ ಅಷ್ಟೇ. ಕಾಯಿ ಫಸಲು ಗುತ್ತಿಗೆಗೆ ಕೊಡ್ತೀರಲ್ಲ, ಹಂಗೆ. ಫಸಲು ಕಂಪನೀದು, ತೋಟ ಎಲ್ಲಾರ್ದೂ."

"ಎಲ್ಲಾರ್ದೂ ಅಂದ್ರೆ ನಂದೂ ಆಯ್ತಲ್ಲ!"

"ಗುತ್ತಿಗೆ ಕೊಟ್ಟ ಮೇಲೆ ನೀವೇ ಮರ ಹತ್ತಿ ಕಾಯಿ ಕಿತ್ರೆ?"

"ಕಾಲು ಮುರೀತಾರೆ."

"ಮತ್ತೆ?"

ಅವನು ಬಾಯಿ ತೆರೆದ. ಅಷ್ಟರಲ್ಲಿ ಬೇಲಿಯಾಚೆಯಿಂದ ಕೂಗು.

"ಅಣ್ಣಾ... ಅನುಪಮಂಗೆ ನೋವು ಬಂದೈತೆ ಕಣಣ್ಣಾ! ಆಂಬುಲೆನ್ಸ್‌ಗೆ ಫೋನೇ ಹೋಗ್ತಿಲ್ಲ!"

ಪಕ್ಕದ ತೋಟದ ಹನುಮಂತಮ್ಮ. ಅನುಪಮಾ ಅವಳ ಮಗಳು, ಚೊಚ್ಚಲ ಬಸುರಿ.

ನನ್ನ ಫೋನ್ ತೆಗೆದೆ. ಇಲ್ಲ. ಇಂಥ ಹೊತ್ತಲ್ಲಿ ಫೋನ್ ಸಿಗದಿದ್ದರೆ ಜೀವವೇ ಹೋಗಬಹುದು ಎಂದು ನನಗೆ ಗೊತ್ತು.

ಚನ್ನವೀರಯ್ಯ ಎದೆಯುಬ್ಬಿಸಿದ. "ನನ್ ಫೋನ್ ತಗಳಮ್ಮಿ! ಸಿಗ್ನಲ್ ಫುಲ್ಲು!"

ಒತ್ತಿದ. ಕರೆ ಹೋಗಲಿಲ್ಲ. ಮತ್ತೆ ಒತ್ತಿದ. ಇಲ್ಲ.

"ಕಡ್ಡಿ ಫುಲ್ ಐತಲ್ಲ ಮೇಡಂ!"

"ಟವರ್ ಹೇಳೋದು ನಿಮಗೆ ಕೇಳುತ್ತೆ. ಡಬ್ಬಿ ಅರಚಾಟದಲ್ಲಿ ನೀವು ಹೇಳೋದು ಟವರ್‌ಗೆ ಕೇಳಲ್ಲ. ನಿಮ್ಮ ಫೋನ್ ಓಗೊಟ್ಟದ್ದು ಕೇಳದಿದ್ರೆ ಕರೆ ಒಳಗೂ ಬರಲ್ಲ. ಕೊನೇ ಸಲ ನಿಮಗೆ ಫೋನ್ ಬಂದದ್ದು ಯಾವಾಗ?"

ಅವನ ಮುಖ ಸಣ್ಣಗಾಯಿತು. "ಕುಣಿಗಲ್ ಬೀಗ್ರು ಮುನಿಸ್ಕಂಡವ್ರೆ ಅಂದ್ಕಂಡಿದ್ದೆ..."

"ಡಬ್ಬಿ ಇಳಿಸಿ!"

"ಟವರ್‌ದೇ ತಪ್ಪು! ಡಬ್ಬಿ ಮುಟ್ಟಂಗಿಲ್ಲ!"

ಮಚ್ಚು ಮತ್ತೆ ಮೇಲೆದ್ದಿತು.

ಹನುಮಂತಮ್ಮ ನಮ್ಮಿಬ್ಬರನ್ನೂ ನೋಡಲಿಲ್ಲ. ಮರದ ತಲೆ ನೋಡಿದಳು. ಅದು ಪೂರ್ತಿ ಅವಳ ತೋಟದ ಮೇಲೆ ವಾಲಿತ್ತು.

"ಅಣ್ಣಾ, ಹೋದ್ ವರ್ಷ ನಮ್ಮರದ ಕಾಯಿ ನಿನ್ ಕಡೆ ಬಿದ್ದಾಗ ಪಂಚಾಯ್ತೀಲಿ ಏನಂದೆ?"

"...ಬೇಲಿ ದಾಟಿ ಬಿದ್ದದ್ದು ಬಿದ್ದ ಕಡೆಯೋರ್ದು ಅಂದೆ."

"ನೆನಪೈತೆ ತಾನೆ?"

ಕಾಯಿ ಕೀಳುವ ದೋಟಿ ಅವಳ ಬೇಲಿಗೇ ಒರಗಿತ್ತು, ಎತ್ತಿಕೊಂಡಳು. ಕೊಕ್ಕೆ ಹಾಕಿದಳು. ಒಂದೇ ಎಳೆತ!

ವೈರ್ ಕಿತ್ತುಕೊಂಡು ಡಬ್ಬಿ ಧೊಪ್ಪನೆ ಅವಳ ಕಡೆ ಬಿತ್ತು.

ನನ್ನ ಫೋನಿನಿಂದ ಕರೆ ಹೋಯಿತು! ಆಂಬುಲೆನ್ಸ್ ಬಂತು. ಗುಬ್ಬಿ ಆಸ್ಪತ್ರೆ ತಲುಪಿದ ಮೇಲೇ ಹೆರಿಗೆ. ಹೆಣ್ಣು ಮಗು, ಗಂಟಲು ಜೋರು.

ಆಂಬುಲೆನ್ಸ್ ಹೊರಡುವ ಮುಂಚೆ ಹನುಮಂತಮ್ಮನನ್ನು ಕೇಳಿದ್ದೆ, "ಡಬ್ಬಿ ಕೊಡಮ್ಮಾ. ಕೇಸಿಗೆ ಸಾಕ್ಷಿ."

"ನನ್ ಕಡೆ ಬಿದ್ದೈತೆ. ಕೋಳಿಗೂಡಿಗೆ ಆಯ್ತದೆ."

ಆಗಲೇ ಚನ್ನವೀರಯ್ಯನ ಫೋನ್ ರಿಂಗಾಯಿತು. ಅವನು ಮಚ್ಚು ಬಿಸಾಕಿ ಹಿಡಿದುಕೊಂಡ. ಕುಣಿಗಲ್ ಬೀಗರು! ಅಷ್ಟು ದೂರ ನಿಂತಿದ್ದ ನನಗೂ ಕೇಳುತ್ತಿತ್ತು.

ನಿಜವಾಗಿಯೂ ಮುನಿಸಿಕೊಂಡಿದ್ದರು.