ಒಂದು ರೂಪಾಯಿ ಚಂದಾ

2025ರ ಅಕ್ಟೋಬರ್ 13, ಸೋಮವಾರ. ಬೆಳಿಗ್ಗೆ 10.40ಕ್ಕೆ ಇಸಳೂರಿನ ತನುಜಾ ನಾಯ್ಕ ಶಿರಸಿಯ ಗ್ರಾಮೀಣ ಠಾಣೆಗೆ ಬಂದರು. ವಯಸ್ಸು ಮೂವತ್ತನಾಲ್ಕು. ಪೇಟೆಯ ಸಿದ್ಧ ಉಡುಪಿನ ಅಂಗಡಿಯೊಂದರಲ್ಲಿ ಹೊಲಿಗೆ ಕೆಲಸ. ಅರ್ಧ ದಿನ ರಜೆ ಹಾಕಿದ್ದರು. ಕೈಯಲ್ಲಿ ಅರ್ಜಿ ಇರಲಿಲ್ಲ, ಫೋನ್ ಇತ್ತು.

"ದೂರು ಯಾರ ಮ್ಯಾಲೆ?" ಇನ್‌ಸ್ಪೆಕ್ಟರ್ ಕಲ್ಲಯ್ಯ ಹಿರೇಮಠ ಕೇಳಿದರು. ಅವರು ಹಾವೇರಿ ಕಡೆಯವರು, ಶಿರಸಿಗೆ ಬಂದು ಹದಿನಾಲ್ಕು ತಿಂಗಳಾಗಿತ್ತು.

"ಹೆಸರು ಗೊತ್ತಿಲ್ಲ ಸರ್. ಒಂದು ದನಿ ಮೇಲೆ."

"ಕೂಡ್ರಿ. ಏನ್ ಕಳಕೊಂಡ್ರಿ?"

"ಅವ್ವ ನನ್ ಸಂಗ್ತಿಗೆ ಮಾತಾಡೂದು ಬಿಟ್ಟದೆ."

ಕಲ್ಲಯ್ಯ ಪೆನ್ನು ಕೆಳಗಿಟ್ಟರು. "ಅದಕ್ಕ ನನ್ನ ಕಡೆ ಕಲಂ ಇಲ್ಲವ್ವಾ. ಮೊದಲಿಂದ ಹೇಳ್ರಿ."

ಮೊದಲಿನದು ಹೀಗಿತ್ತು. ತಾಯಿ ಚೌಡಮ್ಮ ಯಲ್ಲಾಪುರ ತಾಲ್ಲೂಕಿನ ನಂದೊಳ್ಳಿಯವರು, ಒಂದು ಹಸು ಸಾಕಿದ್ದರು. ಜುಲೈ ಕೊನೆಯಲ್ಲಿ ಅವರ ಫೋನಿಗೆ ಒಂದು ರೀಲ್ ಬಂತು. ಮುಖ ಕಾಣಿಸುವುದಿಲ್ಲ. ಹಸುವಿನ ಕೊರಳು ಸವರುವ ಒಂದು ಕೈ, ಮೇಲೊಂದು ಗಂಡು ದನಿ: "ದನಕ್ಕೆ ಕಷ್ಟ ಬಂದ್ರೆ ಇನ್ನು ದಾರಿ ಕಾಯೂದು ಬ್ಯಾಡ. ಒಂದೇ ಒಂದು ರೂಪಾಯಿ ಚಂದಾ. ಹತ್ತು ನಿಮಿಷದಲ್ಲಿ ಡಾಕ್ಟ್ರು ಫೋನಲ್ಲಿ. ರಸೀದಿ ಸಮೇತ." ಕೆಳಗೊಂದು ಲಿಂಕ್. 'ಕೊಟ್ಟಿಗೆ ಡಾಕ್ಟರ್' ಎಂಬ ಆ್ಯಪ್‌ನದು.

ಚೌಡಮ್ಮ ಮಗಳಿಗೆ ಹೇಳಿದರು. ಜುಲೈ 28ರಂದು ತನುಜಾ ತಮ್ಮ ಫೋನಿನಿಂದ ಒಂದು ರೂಪಾಯಿ ಕಟ್ಟಿ ತಾಯಿಯ ನಂಬರನ್ನು ನೋಂದಾಯಿಸಿದರು. ಪಿನ್ ಒತ್ತಿದಾಗ ಪ್ರತಿ ತಿಂಗಳ ಕಡಿತಕ್ಕೂ ಒಪ್ಪಿಗೆ ಕೊಟ್ಟಂತಾಗಿದೆ ಎಂಬುದು ಅವರಿಗೆ ತಿಳಿಯಲಿಲ್ಲ. ಆಗಸ್ಟ್ 4ಕ್ಕೆ 499 ರೂಪಾಯಿ ಹೋಯಿತು, ಸೆಪ್ಟೆಂಬರ್ 4ಕ್ಕೆ ಮತ್ತೆ ಅಷ್ಟೇ. ಬ್ಯಾಂಕಿನ ಸಂದೇಶಗಳು ಇಂಗ್ಲಿಷಿನಲ್ಲಿದ್ದವು, ಅವರು ತೆರೆದು ನೋಡಿರಲಿಲ್ಲ. ಅಕ್ಟೋಬರ್ 4ರಂದು ಖಾತೆಯಲ್ಲಿ ಅಷ್ಟು ಹಣ ಇರಲಿಲ್ಲ. ಕಡಿತ ಆಗಲಿಲ್ಲ.

ಅಕ್ಟೋಬರ್ 9ರ ಮಧ್ಯಾಹ್ನ ಒಂದೂವರೆಗೆ ಹಸುವಿಗೆ ಹೆರಿಗೆ ನೋವು ಕಾಣಿಸಿಕೊಂಡಿತು. ಕರುವಿನ ಒಂದು ಕಾಲು ಮಾತ್ರ ಹೊರಬಂತು. ಚೌಡಮ್ಮ ಆ್ಯಪ್ ತೆರೆದರು. 2.10ಕ್ಕೆ ಪರದೆಯ ಮೇಲೆ ಬಂದದ್ದು: 'ನಿಮ್ಮ ಚಂದಾ ಪಾವತಿಯಾಗಿಲ್ಲ.'

ಅವರು ಮಗಳಿಗೆ ಕರೆ ಮಾಡಿದರು. ಕೆಲಸದ ವೇಳೆ ಫೋನನ್ನು ಮಾಲೀಕರ ಡ್ರಾಯರಿನಲ್ಲಿ ಇಡಬೇಕು ಎನ್ನುವುದು ಅಂಗಡಿಯ ನಿಯಮ. ನಾಲ್ಕು ಗಂಟೆಯವರೆಗೆ ಹನ್ನೊಂದು ಸಲ ಕರೆ ಹೋಗಿದೆ. ಆಮೇಲೆ ಪಕ್ಕದ ಮನೆಯವರು ಬೈಕಿನಲ್ಲಿ ಯಲ್ಲಾಪುರಕ್ಕೆ ಹೋಗಿ ಸರ್ಕಾರಿ ಪಶುವೈದ್ಯರನ್ನು ಕರೆತಂದರು. 4.50 ಆಗಿತ್ತು. 5.15ಕ್ಕೆ ಹಸು ಸತ್ತಿತು. ಕರು ಅದಕ್ಕೂ ಮೊದಲೇ ಸತ್ತಿತ್ತು.

"ನಾ ಒಂದು ರೂಪಾಯಿನೂ ಕಟ್ಲಿಲ್ಲ, ಕಟ್ಟಿದ್ದೆ ಅಂತ ಸುಳ್ಳು ಹೇಳಿದ್ದೆ ಅಂತ ಅವ್ವ ಹೇಳ್ತದೆ," ತನುಜಾ ಹೇಳಿದರು. "ನಾ ಕಟ್ಟಿದ್ದೆ ಸರ್. ಮೂರು ಸಲ ದುಡ್ಡು ಹೋಗ್ಯದೆ. ಅಷ್ಟು ಬರ್ಕೊಡಿ ಸಾಕು. ಪೊಲೀಸ್ರು ಬರೆದ್ರೆ ಅವ್ವ ನಂಬ್ತದೆ."

11.55ಕ್ಕೆ ಎಫ್‌ಐಆರ್ ದಾಖಲಾಯಿತು. ಭಾರತೀಯ ನ್ಯಾಯ ಸಂಹಿತೆ ಕಲಂ 318(4), ವಂಚನೆ. ಆರೋಪಿ: ಅಪರಿಚಿತ.

ಮರುದಿನ ಸಂಜೆ 4.15ಕ್ಕೆ ಇಬ್ಬರು ಪಂಚರ ಎದುರು ರೀಲ್‌ಗಳನ್ನು ಪೆನ್‌ಡ್ರೈವ್‌ಗೆ ಇಳಿಸಿಕೊಂಡು ಪಂಚನಾಮೆ ಬರೆಯಲಾಯಿತು. ಒಟ್ಟು ಹದಿನೇಳು ರೀಲ್. ಖಾತೆಯ ಹೆಸರು 'ಮಲೆನಾಡ ಗೆಳೆಯ'. ಯಾವುದರಲ್ಲೂ 'ಜಾಹೀರಾತು' ಎಂಬ ಗುರುತಿರಲಿಲ್ಲ. 499 ಎಂಬ ಅಂಕಿಯೂ ಇರಲಿಲ್ಲ.

ಹೆಡ್ ಕಾನ್‌ಸ್ಟೆಬಲ್ ಶಾಂತಾರಾಮ ನಾಯ್ಕ ರೀಲನ್ನು ಮೂರನೇ ಸಲ ಹಾಕಿ ಕೇಳಿದರು. ಅವರು ಸಿದ್ದಾಪುರ ತಾಲ್ಲೂಕಿನವರು. "ಈ ದನಿ ಎಲ್ಲೋ ಕೇಳಿದ್ದೆ ಸರ್. ಚಂದಾ ಅಂದ ಕೂಡ್ಲೆ ರಸೀದಿ ಅಂತಾನೆ ನೋಡಿ. ಇದು ಪೇಪರ್ ಏಜೆಂಟ್ರ ಬಾಯಿ."

"ನಮ್ಮ ಕಡೆ ಗಣಪತಿಗೆ ಚಂದಾ ಪಟ್ಟಿ ಎತ್ತೋರೂ ರಸೀದಿ ಕೊಡ್ತಾರಲ್ಲೋ."

"ಕೊಡ್ತಾರೆ. ಆದ್ರೆ ಅವ್ರು ರಸೀದಿ ಕೊಡ್ತೇವು ಅಂತ ಆಸೆ ತೋರ್ಸೂದಿಲ್ಲ."

ಕಲ್ಲಯ್ಯ ನಕ್ಕರು. ಆಮೇಲೆ ತಮ್ಮ ಫೋನ್ ತೆಗೆದು ತಿಂಗಳ ಕಡಿತಗಳ ಪಟ್ಟಿ ನೋಡಿದರು. ಎಂದೋ ಹಾಕಿಸಿಕೊಂಡ ಕಾಲರ್ ಟ್ಯೂನ್ ಒಂದಕ್ಕೆ ಎರಡು ವರ್ಷದಿಂದ ಹಣ ಹೋಗುತ್ತಿತ್ತು. "ಮುಚ್ಚಿಡಪಾ ಇದನ್ನ. ಸ್ಟೇಷನ್ ಡೈರಿಗೆ ಬರೀಬ್ಯಾಡ," ಎಂದರು.

ಅಕ್ಟೋಬರ್ 15ರಂದು ಬೆಂಗಳೂರಿನ ಆ್ಯಪ್ ಕಂಪನಿಗೆ ಮಾಹಿತಿ ಕೇಳಿ ನೋಟಿಸು ಹೋಯಿತು. ಅದೇ ದಿನ ಮಧ್ಯಾಹ್ನ ಇಬ್ಬರೂ ನಂದೊಳ್ಳಿಗೆ ಹೋದರು. ಚೌಡಮ್ಮ ಜಗುಲಿಯಲ್ಲಿ ಕುಳಿತಿದ್ದರು. ಹಸುವಿನ ಹಗ್ಗ ಇನ್ನೂ ಗೂಟದಲ್ಲೇ ಇತ್ತು.

"ಚಂದಾ ಅಂದ್ರ ಏನಂತ ತಿಳಕೊಂಡಿದ್ರಿ, ತಾಯಿ?"

"ಎಂತ ತಿಳ್ಕಂಬುದು? ಗಣಪತಿಗೆ ಕೊಡುದಿಲ್ವಾ, ಹಂಗೇಯಾ. ಒಂದ್ ಸಲ ಕೊಟ್ರೆ ಮುಗೀತು."

"ಮತ್ತ ಫೋನಿನಾಗ 'ಪಾವತಿಯಾಗಿಲ್ಲ' ಅಂತ ಬಂತಲ್ಲ?"

"ಅದ್ಕೇ ಹೇಳುದು. ಕೊಟ್ಟಿದ್ರೆ ಕೊಟ್ಟಿಲ್ಲ ಅಂತ ಎಂತಕ್ಕೆ ಬರ್ತದೆ? ಒಂದು ರೂಪಾಯಿ, ಸಾಹೇಬ್ರಾ. ಒಂದು ರೂಪಾಯಿಗೆ ನಾ ನನ್ ಮಗಳಿಗೆ ಸಸಾರ ಆದೆ." ಅವರು ಸೆರಗಿನಿಂದ ಮುಖ ಒರೆಸಿಕೊಂಡರು. "ಆಸ್ಪತ್ರೆಗೆ ಆಗ್ಲೇ ಜನ ಕಳಿಸ್ಬಹುದಿತ್ತು. ಈಗ ಕಟ್ತದೆ, ಈಗ ಕಟ್ತದೆ ಅಂತ ಕೂತೆ."

ಪಶುವೈದ್ಯರ ಹೇಳಿಕೆಯನ್ನು ಯಲ್ಲಾಪುರದಲ್ಲಿ ಪಡೆದರು. ಕರು ಅಡ್ಡ ತಿರುಗಿತ್ತು. "ಎರಡು ತಾಸು ಮೊದಲು ಹೇಳಿ ಕಳಿಸಿದ್ದರೆ ಹಸು ಬದುಕುತ್ತಿತ್ತಾ?" ಎಂದು ಕಲ್ಲಯ್ಯ ಕೇಳಿದರು. "ಬದುಕುತ್ತಿತ್ತು ಅಂತ ಬರೆಯಲಾರೆ. ಬದುಕಬಹುದಿತ್ತು ಅಂತ ಬರೆದುಕೊಡುತ್ತೇನೆ," ಎಂದರು ವೈದ್ಯರು.

ಕಂಪನಿಯ ಉತ್ತರ ಅಕ್ಟೋಬರ್ 29ಕ್ಕೆ ಬಂತು. ಜನರನ್ನು ಸೇರಿಸಿಕೊಟ್ಟವರಿಗೆ ತಲೆಗೆ ಅರವತ್ತು ರೂಪಾಯಿ ಕಮಿಷನ್ ಕೊಡುವ ಪದ್ಧತಿ ಅವರದು. ಸಂಬಂಧಪಟ್ಟ ಲಿಂಕ್ ಸಿದ್ದಾಪುರ ತಾಲ್ಲೂಕಿನ ನಿಲ್ಕುಂದದ ವಿಶ್ವೇಶ್ವರ ಹೆಗಡೆ (54) ಅವರದು. ಅವರ ಮೂಲಕ 214 ಮಂದಿ ಸೇರಿದ್ದರು. ಪಾಲಿಸಬೇಕಾದ ನಿಯಮಗಳ ಕನ್ನಡ ಹಾಳೆಯನ್ನೂ ಕಂಪನಿ ಲಗತ್ತಿಸಿತ್ತು. ಮೊದಲ ನಿಯಮ: ಕಮಿಷನ್ ಪಡೆದು ಮಾಡಿದ ರೀಲ್‌ನಲ್ಲಿ 'ಜಾಹೀರಾತು' ಎಂದು ಕಾಣುವಂತೆ ಹಾಕಬೇಕು. ಮೂರನೆಯದು: 'ಮೊದಲ ವಾರ ರೂ. 1, ನಂತರ ಪ್ರತಿ ತಿಂಗಳು ರೂ. 499 ತಾನಾಗಿ ಕಡಿತ, ಬೇಡವಾದಾಗ ರದ್ದು ಮಾಡಬಹುದು' ಎಂಬ ಸಾಲು ಲಿಂಕಿಗಿಂತ ಮೊದಲು ಇರಲೇಬೇಕು.

"ನಿಯಮ ಕಳಿಸೇವಿ, ನಮ್ಮ ಕೆಲಸ ಮುಗೀತು ಅಂತ ಇವರದು," ಕಲ್ಲಯ್ಯ ಹೇಳಿದರು. "ಹದಿನೇಳು ರೀಲ್‌ನಾಗ ಒಂದನ್ನರ ನೋಡ್ಯಾರೇನು?"

ಉತ್ತರದಲ್ಲಿದ್ದ ಹೆಗಡೆಯವರ ಹೆಸರನ್ನು ಶಾಂತಾರಾಮ ಎರಡು ಸಲ ಓದಿದರು. "ನಮ್ಮಪ್ಪ ಇವ್ರ ಹತ್ರ ಪೇಪರ್ ಚಂದಾದಾರ ಆಗಿದ್ದ ಸರ್. ದಿನಾ ಬೆಳಿಗ್ಗೆ ಬಸ್ ಸ್ಟ್ಯಾಂಡಲ್ಲಿ ಇವ್ರನ್ನ ಕಾಯ್ತಿದ್ದ."

ಅಕ್ಟೋಬರ್ 31, ಶುಕ್ರವಾರ, ಬೆಳಿಗ್ಗೆ 11.20. ನಿಲ್ಕುಂದದ ಬಸ್ ನಿಲ್ದಾಣದ ಬಳಿ ಹಲಗೆಯ ಗೂಡಂಗಡಿ. ಪತ್ರಿಕೆ ಜೋಡಿಸುವ ಹಳೆಯ ಸ್ಟ್ಯಾಂಡಿನಲ್ಲಿ ಪತ್ರಿಕೆ ಇರಲಿಲ್ಲ. ಅದರ ಮೇಲಿನ ಸರಳಿಗೆ ಸೆಣಬಿನ ದಾರದಿಂದ ಫೋನ್ ಕಟ್ಟಲಾಗಿತ್ತು. ರೀಲ್‌ಗಳು ಅಲ್ಲೇ ತಯಾರಾಗುತ್ತಿದ್ದವು. ವಿಶ್ವೇಶ್ವರ ಹೆಗಡೆ ಎದ್ದು ನಿಂತು ಸ್ಟೂಲ್ ಕೊಟ್ಟರು.

"ಇದು ಜಾಹೀರಾತು ಹೌದಲ್ರಿ?"

"ಹೌದು."

"ಹಂಗಂತ ಹಾಕಿಲ್ಲ."

"ಹಾಕಿದ್ರೆ ಯಾರೂ ನೋಡುದಿಲ್ಲ."

"ಚಂದಾ ಅಂದ್ರ ಏನ್ರಿ?"

"ತಿಂಗಳು ತಿಂಗಳು ಕೊಡುದು." ಹೆಗಡೆಯವರ ದನಿ ಗಟ್ಟಿಯಾಯಿತು. "ಇಪ್ಪತ್ತಾರು ವರ್ಷ ಮನೆಮನೆಗೆ ಹೋಗಿ ವಸೂಲಿ ಮಾಡಿದ್ದೆ. ಪೇಪರ್ ಚಂದಾ ಅಂದ್ರೆ ಎಂತ ಅಂತ ಈ ತಾಲ್ಲೂಕಿಗೇ ಗೊತ್ತು. ಆನು ಸುಳ್ಳು ಹೇಳಿದ್ನಿಲ್ಲೆ."

"ಈ ವರ್ಷ ಗಣಪತಿ ಚಂದಾ ಕೊಟ್ಟೀರಿ?"

"ಕೊಟ್ಟಿದ್ದೆ."

"ತಿಂಗಳಾ ತಿಂಗಳಾ ಕೊಡ್ತೀರೇನು?"

ಹೆಗಡೆ ಸರಳಿಗೆ ಕಟ್ಟಿದ್ದ ಫೋನನ್ನು ಬಿಚ್ಚತೊಡಗಿದರು.

"ಮೂರನೇ ನಿಯಮದ ಸಾಲು ಯಾಕ ಬಿಟ್ರಿ?"

"ರೀಲ್ ಉದ್ದ ಆಗ್ತಿತ್ತು."

ಫೋನನ್ನು ಪಂಚನಾಮೆ ಮಾಡಿ ವಶಕ್ಕೆ ತೆಗೆದುಕೊಂಡರು. ವಿಚಾರಣೆಗೆ ಹಾಜರಾಗಬೇಕು, ಸಾಕ್ಷ್ಯ ಕೆಡಿಸಬಾರದು ಎಂಬ ನೋಟಿಸಿಗೆ ಹೆಗಡೆ ಸಹಿ ಹಾಕಿದರು. ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧ; ಅಲ್ಲಿಯೇ ಬಂಧಿಸುವ ಅಗತ್ಯವನ್ನು ಕಲ್ಲಯ್ಯ ಕಾಣಲಿಲ್ಲ. ಹೊರಡುವಾಗ ಶಾಂತಾರಾಮರ ಮುಖ ನೋಡಿ ಹೆಗಡೆ ಕೇಳಿದರು:

"ನೀವು ಮಾಸ್ತರ ಮಗ ಅಲ್ದಾ? ಅಪ್ಪಯ್ಯ ಈಗ ಹೆಂಗಿದ್ದ?"

"ಹೋಗಿ ಮೂರು ವರ್ಷ ಆಯ್ತು."

"ಪೇಪರ್ ಒಂದು ದಿನ ತಪ್ಪಿದ್ರೆ ಬೈತಿದ್ದ," ಎಂದರು ಹೆಗಡೆ.

ಬಂಧನದ ಅಗತ್ಯವನ್ನು ಅವರೇ ತಂದುಕೊಂಡರು. ನವೆಂಬರ್ 2ರಂದು ಹೆಂಡತಿಯ ಫೋನಿನಿಂದ ಹದಿನೇಳೂ ರೀಲ್‌ಗಳನ್ನು ಅಳಿಸಿದರು. ಕಮಿಷನ್ ಪಟ್ಟಿಯಲ್ಲಿ ನಂಬರು ನೋಡಿ ನಾಲ್ವರು ಚಂದಾದಾರರಿಗೆ ಕರೆ ಮಾಡಿ, '499ರ ವಿಷಯ ಮೊದಲೇ ಹೇಳಿದ್ದರು' ಎಂದು ಹೇಳಿಕೆ ಕೊಡುವಂತೆ ಕೇಳಿಕೊಂಡರು. ದೂರು ಕೊಟ್ಟವರು ಯಾರೆಂದು ತಿಳಿಯದೆ ಮಾಡಿದ ನಾಲ್ಕನೆಯ ಕರೆ ತನುಜಾ ಅವರಿಗೇ ಹೋಗಿತ್ತು. ಹೊಲಿಗೆ ಯಂತ್ರದ ಮುಂದೆ ಕುಳಿತೇ ಅವರು ದನಿ ಗುರುತು ಹಿಡಿದರು, ಪೂರ್ತಿ ಕೇಳಿಸಿಕೊಂಡರು, ಹತ್ತು ನಿಮಿಷದಲ್ಲಿ ಠಾಣೆಯಲ್ಲಿದ್ದರು.

ನವೆಂಬರ್ 5ಕ್ಕೆ ವಶಪಡಿಸಿಕೊಂಡ ಫೋನಿನ ವರದಿ ಬಂತು. ಜುಲೈ 19ರಂದು ಹೆಗಡೆ ಕಂಪನಿಯ ಪ್ರತಿನಿಧಿಗೆ ಕಳಿಸಿದ ಸಂದೇಶ ಅದರಲ್ಲಿತ್ತು: 'ಸಬ್‌ಸ್ಕ್ರಿಪ್ಶನ್ ಅಂದರೆ ನಮ್ಮ ಜನ ಹೆದರುತ್ತಾರೆ. ಚಂದಾ ಅಂತ ಹಾಕುತ್ತೇನೆ. ಗಣಪತಿ ಹತ್ತಿರ ಬಂತು, ಒಮ್ಮೆ ಕೊಟ್ಟು ಮರೆಯುತ್ತಾರೆ.' ಉತ್ತರವಾಗಿ ಪ್ರತಿನಿಧಿ ಹೆಬ್ಬೆರಳಿನ ಚಿತ್ರ ಕಳಿಸಿದ್ದ.

"ಒಂದ ಶಬ್ದದ ಎರಡು ಅರ್ಥ ಗೊತ್ತಿದ್ದವ," ಕಲ್ಲಯ್ಯ ಹೇಳಿದರು. "ಗೊತ್ತಿಲ್ಲದವರಿಗೆ ಮಾರ್ಯಾನ."

ಪ್ರತಿನಿಧಿಯನ್ನೂ ಕಂಪನಿಯನ್ನೂ ಎರಡನೇ, ಮೂರನೇ ಆರೋಪಿಯಾಗಿ ಸೇರಿಸಿ ಬೆಂಗಳೂರಿಗೆ ನೋಟಿಸು ಕಳಿಸಿದರು. ದಾರಿ ತಪ್ಪಿಸುವ ಜಾಹೀರಾತಿಗೆ ದಂಡ ಹಾಕುವ ಅಧಿಕಾರ ಠಾಣೆಗಿಲ್ಲ; ಅದಕ್ಕಾಗಿ ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕೆ ಪ್ರತ್ಯೇಕ ವರದಿ ಹೋಯಿತು. ಉಳಿದ 213 ಮಂದಿಗೆ ಠಾಣೆಯಿಂದಲೇ ಫೋನ್ ಮಾಡಿ, ಕಡಿತ ನಿಲ್ಲಿಸುವ ಕ್ರಮ ಹೇಳಿಕೊಡಲಾಯಿತು. ಅರ್ಧಕ್ಕರ್ಧ ಜನ ಅದನ್ನೂ ಮೋಸದ ಕರೆ ಎಂದು ತಿಳಿದು ಬೈದು ಇಟ್ಟರು.

ನವೆಂಬರ್ 6, ಗುರುವಾರ, ಬೆಳಿಗ್ಗೆ 9.30ಕ್ಕೆ ನಿಲ್ಕುಂದದ ಮನೆಯಲ್ಲಿ ವಿಶ್ವೇಶ್ವರ ಹೆಗಡೆಯವರನ್ನು ಬಂಧಿಸಲಾಯಿತು. ಹೆಂಡತಿ ಸೀತಮ್ಮ ಬಾಗಿಲಿಗೆ ಬಂದರು.

"ಎಂತ ಆತು?"

"ಎಂತ ಇಲ್ಲೆ. ಆನು ಹೋಗಿ ಬರ್ತೆ."

ಠಾಣೆಯಲ್ಲಿ ಶಾಂತಾರಾಮ ಬಂಧನದ ಮೆಮೊ ತುಂಬಿದರು. ವೃತ್ತಿಯ ಕಾಲಂಗೆ ಬಂದಾಗ ಪೆನ್ನು ನಿಲ್ಲಿಸಿದರು. "ಎಂತ ಬರೀಲಿ?"

"ಪತ್ರಿಕಾ ಏಜೆಂಟ್."

"ಏಜೆನ್ಸಿ ನಿಂತು ಎರಡು ವರ್ಷ ಆಯ್ತಲ್ಲ ಹೆಗಡೇರೇ."

"ಬರೀರಿ. ಬೇರೆ ಎಂತ ಇದ್ದು?"

ಕಲ್ಲಯ್ಯ ಬೇಡವೆನ್ನಲಿಲ್ಲ. ಹೆಗಡೆಯವರ ಹೇಳಿಕೆ ನಾಲ್ಕು ಪುಟ ಆಯಿತು. ಏಜೆಂಟರಾಗಿದ್ದಾಗ ಸ್ಥಳೀಯ ಸುದ್ದಿಯನ್ನೂ ಬರೆದು ಕಳಿಸುತ್ತಿದ್ದರು. ಒಮ್ಮೆ ಒಬ್ಬ ವ್ಯಾಪಾರಿ ಹಣ ಕೊಟ್ಟು ತನ್ನ ಅಂಗಡಿಯ ವಿಷಯವನ್ನು ಸುದ್ದಿಯಂತೆ ಹಾಕಲು ಕೇಳಿದಾಗ, ತಲೆಯ ಮೇಲೆ 'ಜಾಹೀರಾತು' ಎಂದು ಹಾಕದೆ ಆಗದು ಎಂದು ಹಣ ಹಿಂದೆ ಕಳಿಸಿದ್ದರು. 312 ಚಂದಾದಾರರು ಇದ್ದರು. ಅದು ನಲವತ್ತಕ್ಕೆ ಇಳಿದಾಗ ಏಜೆನ್ಸಿ ರದ್ದಾಯಿತು. ಮೂರನೇ ಪುಟದಲ್ಲಿ ಈ ವಾಕ್ಯ ಇದೆ: 'ಹಣಕ್ಕಾಗಿ ಅಲ್ಲ ಎಂದು ಹೇಳುವುದಿಲ್ಲ. ಆದರೆ ಪ್ರತಿದಿನ ಬೆಳಿಗ್ಗೆ ಎದ್ದು, ನಿನ್ನೆ ಎಷ್ಟು ಜನ ಸೇರಿದರು ಎಂದು ನೋಡುತ್ತಿದ್ದೆ. ಮತ್ತೆ ನನಗೆ ಚಂದಾದಾರರು ಆಗುತ್ತಿದ್ದರು.' ಹಸು ಸತ್ತ ವಿಷಯ ಹೇಳಿದಾಗ ಅವರು ನೀರು ಕೇಳಿದರು, ಕುಡಿಯಲಿಲ್ಲ.

ನವೆಂಬರ್ 8ರಂದು ಶಾಂತಾರಾಮ ಪೂರಕ ಹೇಳಿಕೆಗಾಗಿ ಒಬ್ಬರೇ ನಂದೊಳ್ಳಿಗೆ ಹೋದರು. ಬ್ಯಾಂಕಿನಿಂದ ಬಂದ ದೃಢೀಕೃತ ಪಟ್ಟಿಯನ್ನು ಚೌಡಮ್ಮನ ಮುಂದೆ ಹಿಡಿದು, ಬೆರಳಿಟ್ಟು ಓದಿದರು. ಜುಲೈ 28, ಒಂದು ರೂಪಾಯಿ. ಆಗಸ್ಟ್ 4, ನಾನೂರ ತೊಂಬತ್ತೊಂಬತ್ತು. ಸೆಪ್ಟೆಂಬರ್ 4, ನಾನೂರ ತೊಂಬತ್ತೊಂಬತ್ತು.

"ಇದು ಮುದ್ರೆ ಒತ್ತಿದ್ದಾ?"

"ಬ್ಯಾಂಕಿನ ಮುದ್ರೆ. ಕೆಳಗೆ ನಮ್ಮದು."

ಚೌಡಮ್ಮ ಮುದ್ರೆಯ ಮೇಲೆ ಬೆರಳಾಡಿಸಿದರು. "ಆ ರೀಲಿನವಂಗೆ ಎಂತಕ್ಕೆ ಬೇಕಿತ್ತಂತೆ ಇದು?"

ಶಾಂತಾರಾಮ ಮೂರನೇ ಪುಟದ ವಾಕ್ಯವನ್ನು ನೆನೆದರು. ಬಸ್ ನಿಲ್ದಾಣದಲ್ಲಿ ಕನ್ನಡಕ ಒರೆಸುತ್ತ ನಿಂತಿರುತ್ತಿದ್ದ ಅಪ್ಪನನ್ನೂ ನೆನೆದರು. "ಜನ ತನಗೋಸ್ಕರ ಕಾಯ್ಬೇಕು ಅಂತ ಇತ್ತು," ಎಂದರು.

"ನಾ ಕಾದೆ," ಎಂದರು ಚೌಡಮ್ಮ.

ಹೇಳಿಕೆಗೆ ಸಹಿ ಹಾಕಿ ಪೆನ್ನು ಹಿಂದಿರುಗಿಸಿದರು. ಆಮೇಲೆ ತಮ್ಮ ಫೋನನ್ನು ಶಾಂತಾರಾಮರ ಕಡೆ ಚಾಚಿದರು.

"ಮಗಳಿಗೆ ಒಂದು ಫೋನ್ ಹಚ್ಚಿ ಕೊಡಿ. ಎತ್ತುದು ಅನುಮಾನ. ಈ ಹೊತ್ತಿಗೆ ಫೋನು ಡ್ರಾಯರಲ್ಲಿ ಇರ್ತದೆ."

ಸಮಯ 2.10. ಶಾಂತಾರಾಮ ನಂಬರು ಒತ್ತಿ ಕೊಟ್ಟರು. ಅಕ್ಟೋಬರ್ 10ರಿಂದ ತನುಜಾ ಫೋನನ್ನು ಡ್ರಾಯರಿನಲ್ಲಿ ಇಡುವುದನ್ನು ಬಿಟ್ಟಿದ್ದರು. ಮಾಲೀಕರೂ ಏನೂ ಹೇಳಿರಲಿಲ್ಲ.

ಮೊದಲ ರಿಂಗಿಗೇ ಎತ್ತಿದರು.